ಆಸ್ಟ್ರಿಯನ್ ಅರ್ಥಶಾಸ್ತ್ರಕ್ಕೆ ಕೊಟ್ಟೂರು ಪೇಟೆಯ ಬಾಗಿಲು

ಅರ್ಥಶಾಸ್ತ್ರವನ್ನು ಪರೀಕ್ಷೆಗಲ್ಲದೆ ತಿಳಿವಳಿಕೆಗಾಗಿ ಓದಬೇಕು ಎನ್ನುವ ಹುಡುಗ ಹುಡುಗಿಯರಿಗೆ ಈಗ ‘ಆಸ್ಟ್ರಿಯನ್ ಪಂಥ’ ಎಂಬ ಹೆಸರು ಕಾಲೇಜಿಗಿಂತ ಮೊದಲು ಮೊಬೈಲ್‌ನಲ್ಲೇ ಕಿವಿಗೆ ಬೀಳುತ್ತದೆ. ಚಿನ್ನ ಕೊಳ್ಳಿ ಎನ್ನುವವರು, ಬಿಟ್‌ಕಾಯಿನ್ ಮಾರುವವರು, ಸರ್ಕಾರವೇ ಬೇಡ ಎನ್ನುವವರು ಎಲ್ಲರೂ ಈ ಹೆಸರನ್ನು ಧಾರಾಳವಾಗಿ ಬಳಸುತ್ತಾರೆ. ಕುತೂಹಲಗೊಂಡವರು ‘ಮೊದಲು ಯಾವ ಪುಸ್ತಕ ಓದಲಿ’ ಎಂದು ಕೇಳಿದರೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಹೆನ್ರಿ ಹ್ಯಾಜ್ಲಿಟ್ 1946ರಲ್ಲಿ ಬರೆದ ‘ಎಕನಾಮಿಕ್ಸ್ ಇನ್ ಒನ್ ಲೆಸನ್’. ಪುಸ್ತಕ ಚಿಕ್ಕದು, ಇಂಗ್ಲಿಷ್ ಸರಳ, ಗಣಿತವಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಮಳೆಯಾಶ್ರಿತ ತಾಲ್ಲೂಕುಗಳ ಓದುಗನಿಗೆ ಆ ಉತ್ತರ ಸರಿಯಲ್ಲ ಎಂಬುದು ನನ್ನ ವಾದ. ಇಲ್ಲಿ ಮೊದಲು ತೆರೆಯಬೇಕಾದದ್ದು ಈ ಪಂಥವನ್ನು ಶುರುಮಾಡಿದ ಕಾರ್ಲ್ ಮೆಂಗರ್ 1871ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್’. ನೂರೈವತ್ತು ವರ್ಷ ದಾಟಿದ, ಜರ್ಮನ್‌ನಿಂದ ಇಂಗ್ಲಿಷಿಗೆ 1950ರಲ್ಲಷ್ಟೇ ಬಂದ ಪುಸ್ತಕವನ್ನು ಹೊಸಬರ ಕೈಗೆ ಕೊಡಬೇಕೆನ್ನುವುದು ವಿಚಿತ್ರವಾಗಿ ಕೇಳಬಹುದು. ಆದರೆ ಪುಟ ಕಡಿಮೆ ಎಂದ ಮಾತ್ರಕ್ಕೆ ಪುಸ್ತಕ ಸುಲಭವಾಗುವುದಿಲ್ಲ. ಅದು ಯಾವುದರ ಬಗ್ಗೆ ಮಾತನಾಡುತ್ತಿದೆ ಎಂಬುದು ಓದುಗನಿಗೆ ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೆಂಗರ್ ಪ್ರಾಧ್ಯಾಪಕನಾಗುವ ಮೊದಲು ಪತ್ರಕರ್ತನಾಗಿದ್ದ. ‘ವೀನರ್ ಜೈಟುಂಗ್’ ಎಂಬ ಸರ್ಕಾರಿ ಪತ್ರಿಕೆಗೆ ಮಾರುಕಟ್ಟೆ ವರದಿ ಬರೆಯುವುದು ಅವನ ಕೆಲಸಗಳಲ್ಲಿ ಒಂದು. ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಬರುವ ಪೇಟೆ ಧಾರಣೆಯ ಹಾಗೆ ಅಂದುಕೊಳ್ಳಿ. ಬೆಲೆ ಯಾಕೆ ಏರಿತು, ಯಾಕೆ ಇಳಿಯಿತು ಎಂದು ವ್ಯಾಪಾರಸ್ಥರು ಹೇಳುವ ಕಾರಣಗಳಿಗೂ ಆಗಿನ ಶಾಸ್ತ್ರಗ್ರಂಥಗಳು ಹೇಳುತ್ತಿದ್ದ ಕಾರಣಗಳಿಗೂ ತಾಳೆಯಾಗದ್ದನ್ನು ಕಂಡೇ ಅವನು ಈ ಗ್ರಂಥಕ್ಕೆ ಕೈಹಾಕಿದ ಎಂದು ಅವನ ಶಿಷ್ಯ ಫ್ರೆಡ್ರಿಕ್ ಫಾನ್ ವೀಸರ್ ಹೇಳಿದ್ದನ್ನು ಇದೇ ಪಂಥದ ಅರ್ಥಶಾಸ್ತ್ರಜ್ಞ ಹಾಯೆಕ್ ದಾಖಲಿಸಿದ್ದಾನೆ. ಅಂದಿನ ಶಾಸ್ತ್ರದ ಮಾತು ಏನಿತ್ತು? ವಸ್ತುವಿಗೆ ಬೆಲೆ ಬರುವುದು ಅದಕ್ಕೆ ಬಿದ್ದ ದುಡಿಮೆಯಿಂದ, ಖರ್ಚಿನಿಂದ ಎಂದು. ಮೆಂಗರ್ ಇದನ್ನು ತಿರುವಿ ಹಾಕಿದ. ಕೊಳ್ಳುವವನ ಅಗತ್ಯದಿಂದ ವಸ್ತುವಿಗೆ ಬೆಲೆ ಬರುತ್ತದೆ. ಆ ವಸ್ತುವಿನ ಬೆಲೆಯಿಂದ ಅದನ್ನು ಮಾಡಲು ಬೇಕಾದ ಭೂಮಿ, ಗೊಬ್ಬರ, ಕೂಲಿಗೆ ಬೆಲೆ ಬರುತ್ತದೆ. ಖರ್ಚು ಮಾಡಿದ್ದೇವೆ, ಆದ್ದರಿಂದ ಬೆಲೆ ಬರಲೇಬೇಕು ಎಂಬ ಲೆಕ್ಕ ಪೇಟೆಯಲ್ಲಿ ನಡೆಯುವುದಿಲ್ಲ ಎಂಬುದನ್ನು ಉಳ್ಳಾಗಡ್ಡಿ ಬೆಳೆದ ಯಾವ ಮನೆಗೂ ಬಿಡಿಸಿ ಹೇಳಬೇಕಿಲ್ಲ. ಅದು ಯಾಕೆ ಹಾಗೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಡಗಲಿಯ ಮಲ್ಲಿಗೆಯನ್ನೇ ತೆಗೆದುಕೊಳ್ಳೋಣ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಜೊತೆ ಭೌಗೋಳಿಕ ಸೂಚಿಕೆ ಪಡೆದ ಹೂವು ಇದು. ಗಿಡ ಅದೇ, ನೀರು ಅದೇ, ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸುವ ಹೆಣ್ಣುಮಕ್ಕಳ ಕೂಲಿಯೂ ಹೆಚ್ಚುಕಡಿಮೆ ಅದೇ. ಆದರೂ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸಿಗುವ ದರಕ್ಕೂ ಪಿತೃಪಕ್ಷದ ದರಕ್ಕೂ ಅಜಗಜಾಂತರ. ಹೂವಿನೊಳಗೆ ಸೇರಿದ ದುಡಿಮೆ ಬದಲಾಗಿಲ್ಲ, ಬದಲಾದದ್ದು ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಮುಡಿಯುವವರ, ದೇವರಿಗೆ ಏರಿಸುವವರ ಮನಸ್ಸು. ಮೆಂಗರ್‌ನ ಮೌಲ್ಯ ಸಿದ್ಧಾಂತ ಇಷ್ಟೇ, ಅದಕ್ಕೆ ಪುಸ್ತಕದ ಮೂರನೆಯ ಅಧ್ಯಾಯವಿದೆ. ಅವನ ನಂತರದ ಬೋಮ್-ಬಾವೆರ್ಕ್ ಇದನ್ನೇ ಐದು ಚೀಲ ಕಾಳಿರುವ ಒಬ್ಬ ರೈತನ ಲೆಕ್ಕದಲ್ಲಿ ವಿವರಿಸಿದ. ಮೊದಲ ಚೀಲ ಜೀವ ಉಳಿಸಿಕೊಳ್ಳಲು, ಎರಡನೆಯದು ಮೈಯಲ್ಲಿ ಕಸುವು ಬರಲು, ಮೂರನೆಯದು ಕೋಳಿಗೆ, ನಾಲ್ಕನೆಯದು ಹೆಂಡ ಬಟ್ಟಿ ಇಳಿಸಲು, ಐದನೆಯದು ಅಕ್ಕರೆಗೆ ಸಾಕಿದ ಗಿಳಿಗಳಿಗೆ. ಒಂದು ಚೀಲ ಕಳೆದುಹೋದರೆ ಅವನು ಊಟ ಬಿಡುವುದಿಲ್ಲ, ಗಿಳಿ ಬಿಡುತ್ತಾನೆ. ಹಾಗಾಗಿ ಅವನಿಗೆ ಪ್ರತಿ ಚೀಲದ ಬೆಲೆ ಆ ಕೊನೆಯ, ತೀರಾ ಹಗುರ ಉಪಯೋಗದಷ್ಟೇ. ಸುಗ್ಗಿಯಲ್ಲಿ ಎಲ್ಲರ ಹಗೇವು ತುಂಬಿದಾಗ ಜೋಳವನ್ನು ಕೇಳುವವರಿಲ್ಲದೆ ಹೋಗುವುದು, ಬರದಲ್ಲಿ ಅದೇ ಜೋಳ ಚಿನ್ನವಾಗುವುದು ಇದೇ ಲೆಕ್ಕದ ಎರಡು ತುದಿ.

ಆದರೆ ನನ್ನ ಮಟ್ಟಿಗೆ ಈ ಸೀಮೆಯ ಓದುಗನಿಗಾಗಿಯೇ ಬರೆದಂತಿರುವುದು ಏಳನೆಯ ಅಧ್ಯಾಯ. ಇತರ ಪಂಥಗಳ ಪರಿಚಯ ಗ್ರಂಥಗಳು ಸಾಮಾನ್ಯವಾಗಿ ‘ವಸ್ತುವಿಗೆ ಮಾರುಕಟ್ಟೆ ಇದೆ’ ಎಂದು ಒಂದೇ ಮಾತಿನಲ್ಲಿ ಮುಂದೆ ಸಾಗುತ್ತವೆ. ಮೆಂಗರ್ ಅಲ್ಲಿ ನಿಲ್ಲುತ್ತಾನೆ. ಎಲ್ಲ ಸರಕೂ ಒಂದೇ ಸಲೀಸಾಗಿ ಮಾರಾಟವಾಗುವುದಿಲ್ಲ, ಯಾಕೆ ಎಂದು ಕೇಳುತ್ತಾನೆ. ಯಾರಿಗೆ ಮಾರಬಹುದು, ಎಷ್ಟು ದೂರದವರೆಗೆ ಒಯ್ದು ಮಾರಬಹುದು, ಎಷ್ಟು ಪ್ರಮಾಣ ಮಾರಬಹುದು, ಎಷ್ಟು ಕಾಲದೊಳಗೆ ಮಾರಬೇಕು ಎಂಬ ನಾಲ್ಕು ಗಡಿಗಳನ್ನು ಗುರುತಿಸುತ್ತಾನೆ. ಮಲ್ಲಿಗೆಗೆ ಕಾಲದ ಗಡಿ ಕೆಲವೇ ಗಂಟೆ. ಬಸ್ಸು ತಪ್ಪಿದರೆ ಮೊಗ್ಗು ಅರಳುತ್ತದೆ, ಅರಳಿದ್ದಕ್ಕೆ ದರವಿಲ್ಲ. ಉಳ್ಳಾಗಡ್ಡಿಗೆ ಕೆಲವು ವಾರ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಅದೂ ಇಲ್ಲ. ಹರಪನಹಳ್ಳಿಯ ಮೆಕ್ಕೆಜೋಳವನ್ನು ಒಣಗಿಸಿ ತಿಂಗಳುಗಟ್ಟಲೆ ಇಡಬಹುದು, ಕೂಡ್ಲಿಗಿಯ ಹುಣಸೆಯನ್ನು ತಂಪು ಕೋಣೆಯಲ್ಲಿ ಇನ್ನೂ ಹೆಚ್ಚು ಕಾಲ. ಈಗ ಎಪಿಎಂಸಿ ಅಂಗಳದ ಒಂದು ಬೆಳಗನ್ನು ಈ ಕಣ್ಣಿನಿಂದ ನೋಡಿ. ದಲ್ಲಾಳಿ ಅಂಗಡಿಯ ಮುಂದೆ ಉಳ್ಳಾಗಡ್ಡಿ ಸುರಿದಿದೆ. ದಪ್ಪ ಗಡ್ಡೆ ಒಂದು ರಾಶಿ, ಮಧ್ಯಮ ಒಂದು, ಗೋಲ್ಟಿ ಇನ್ನೊಂದು. ದರ ಸರಿಬರಲಿಲ್ಲವೆಂದು ರೈತ ಸರಕನ್ನು ಮತ್ತೆ ಚೀಲಕ್ಕೆ ತುಂಬಿಸಬೇಕಾದರೆ ಹಮಾಲಿ, ಬಾಡಿಗೆ ಎರಡೂ ಮತ್ತೊಮ್ಮೆ ಬೀಳುತ್ತವೆ, ಅಷ್ಟರೊಳಗೆ ಒಂದಿಷ್ಟು ಗಡ್ಡೆ ಕೊಳೆಯುತ್ತದೆ. ಇದು ಕೊಳ್ಳುವವನಿಗೂ ಗೊತ್ತು. ಮೆಕ್ಕೆಜೋಳದವನು ‘ಇವತ್ತು ಕೊಡುವುದಿಲ್ಲ’ ಎಂದು ಹೇಳಬಲ್ಲ, ಉಳ್ಳಾಗಡ್ಡಿಯವನಿಗೆ ಹೇಳಲಾಗುವುದಿಲ್ಲ, ಮಲ್ಲಿಗೆಯವನು ಹೇಳುವ ಮಾತೇ ಇಲ್ಲ. ಚೌಕಾಶಿಯಲ್ಲಿ ಯಾರ ಕೈ ಮೇಲು ಎಂಬುದು ಸರಕಿನ ಸ್ವಭಾವದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಇದೇ ಎಳೆ ಹಿಡಿದು ಮೆಂಗರ್ ಮುಂದಿನ ಅಧ್ಯಾಯದಲ್ಲಿ ದುಡ್ಡಿನ ಹುಟ್ಟನ್ನು ವಿವರಿಸುತ್ತಾನೆ: ಯಾವ ಸರಕು ಎಲ್ಲಕ್ಕಿಂತ ಸಲೀಸಾಗಿ ಮಾರಾಟವಾಗುತ್ತದೋ ಅದನ್ನೇ ಜನ ಕೈಯಲ್ಲಿಟ್ಟುಕೊಳ್ಳಲು ಶುರುಮಾಡಿದರು, ಅದೇ ಹಣವಾಯಿತು.

ಇನ್ನು ಹ್ಯಾಜ್ಲಿಟ್ ಯಾಕೆ ಮೊದಲಲ್ಲ? ಅವನು ಅಮೆರಿಕದ ಪತ್ರಕರ್ತ. ಫ್ರಾನ್ಸಿನ ಬಾಸ್ತಿಯಾನ ಒಡೆದ ಕಿಟಕಿಯ ಕತೆಯನ್ನು ಎತ್ತಿಕೊಂಡು, ಸರ್ಕಾರದ ಪ್ರತಿ ಖರ್ಚಿನ ಹಿಂದೆ ಕಣ್ಣಿಗೆ ಕಾಣದ ನಷ್ಟವೊಂದು ಇರುತ್ತದೆ ಎಂದು ತೋರಿಸಿದವನು. ವಾದ ಚುರುಕಾಗಿದೆ. ಆದರೆ ಅವನ ಕಣ್ಣಮುಂದೆ ಇದ್ದದ್ದು ತೆರಿಗೆದಾರನ ದುಡ್ಡಿನಲ್ಲಿ ಬೆಲೆ ಏರಿಸಿಕೊಳ್ಳುತ್ತಿದ್ದ ಅಮೆರಿಕದ ರೈತ. ಅಲ್ಲಿ ಸರ್ಕಾರ ಬೆಳೆಗಾರನ ಪರ ವಾಲಿತ್ತು, ಕಷ್ಟ ಕೊಳ್ಳುವವನದು. ನಮ್ಮಲ್ಲಿ ಬಹಳ ಸಲ ನಡೆದದ್ದು ಇದರ ಉಲ್ಟಾ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿತು, ಡಿಸೆಂಬರ್ 8ರಂದು ರಫ್ತನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ, ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್‌ನಲ್ಲಿ. ನಗರದ ಅಡುಗೆಮನೆಗೆ ಅಗ್ಗವಾಗಲಿ ಎಂದು ಬೆಳೆಗಾರನ ದರ ಕೆಳಗೆ ಒತ್ತಲಾಯಿತು. ಇದೊಂದು ಬಿಡಿ ಪ್ರಸಂಗವಲ್ಲ. ಓಇಸಿಡಿ ಮತ್ತು ಇಕ್ರಿಯರ್ ಸಂಸ್ಥೆಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2000ದಿಂದೀಚಿನ ಸುಮಾರು ಹದಿನೇಳು ವರ್ಷ, ಸಬ್ಸಿಡಿಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೂ, ಭಾರತದ ರೈತರು ಸರಾಸರಿ ತಮ್ಮ ಒಟ್ಟು ಕೃಷಿ ಹುಟ್ಟುವಳಿಯ ಶೇ 14ರಷ್ಟನ್ನು ಇಂಥ ನೀತಿಗಳಿಂದ ಕಳೆದುಕೊಂಡರು. ಹ್ಯಾಜ್ಲಿಟ್‌ನನ್ನೇ ಮೊದಲು ಓದಿದ ಕೊಟ್ಟೂರಿನ ವಿದ್ಯಾರ್ಥಿ ‘ರೈತ ಎಂದರೆ ಸರ್ಕಾರದ ಮುದ್ದಿನ ಕೂಸು’ ಎಂಬ ತೀರ್ಮಾನವನ್ನು ಕಟ್ಟಿಕೊಂಡು ಎದ್ದರೆ ತಪ್ಪು ಅವನದಲ್ಲ. ತೀರ್ಮಾನಗಳ ಪುಸ್ತಕವನ್ನು ಕೊನೆಗೆ ಓದಬೇಕು, ಕಾರಣಗಳ ಪುಸ್ತಕವನ್ನು ಮೊದಲು.

ಮೆಂಗರ್‌ನ ಮುನ್ನೂರು ಪುಟ ಒಮ್ಮೆಲೇ ಭಾರವೆನ್ನಿಸಿದರೆ ಹಾಯೆಕ್‌ನ ಒಂದು ಪ್ರಬಂಧದಿಂದ ಶುರುಮಾಡಬಹುದು. ‘ದಿ ಯೂಸ್ ಆಫ್ ನಾಲೆಜ್ ಇನ್ ಸೊಸೈಟಿ’ 1945ರದ್ದು, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಪ್ರಪಂಚದ ಎಲ್ಲೋ ಒಂದು ಕಡೆ ತವರದ ಕೊರತೆಯಾದರೆ ಅದರ ಕಾರಣ ಗೊತ್ತಿಲ್ಲದ ಸಾವಿರಾರು ಜನ ಬೆಲೆಯೊಂದನ್ನೇ ನೋಡಿ ತವರವನ್ನು ಹಿಡಿತದಲ್ಲಿ ಬಳಸತೊಡಗುತ್ತಾರೆ. ಯಾರೂ ಆಜ್ಞೆ ಹೊರಡಿಸಬೇಕಿಲ್ಲ. ಬೆಲೆ ಎಂದರೆ ಸುದ್ದಿ ಎಂಬುದು ಅವನ ಮಾತಿನ ಸಾರ. ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್‌ಗೆ ಮೆಕ್ಕೆಜೋಳ ಬೇಕಾದಾಗ ಅದರ ಸುದ್ದಿ ಹರಪನಹಳ್ಳಿಯ ಹೊಲಕ್ಕೆ ತಲುಪಿದ್ದು ಸರ್ಕಾರಿ ಸುತ್ತೋಲೆಯಿಂದಲ್ಲ, ದಾವಣಗೆರೆಯ ಧಾರಣೆಯಿಂದ. ಅಂದ ಹಾಗೆ, ಈ ತಾಲ್ಲೂಕನ್ನು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿಸಿದರು. ಜಿಲ್ಲಾ ಕಚೇರಿಯ ದಿಕ್ಕು ಮೂರು ಸಲ ಬದಲಾಯಿತು. ಮೆಕ್ಕೆಜೋಳದ ಲಾರಿ ದರ ನೋಡಿ ದಾರಿ ಹಿಡಿಯುತ್ತದೆ, ಗೆಜೆಟ್ ನೋಡಿ ಅಲ್ಲ.

ಇಲ್ಲಿ ಮೊದಲ ಆಕ್ಷೇಪಣೆ ಏಳುತ್ತದೆ. ಬೆಲೆ ಸುದ್ದಿ ಎನ್ನುವುದಾದರೆ ಬೆಂಬಲ ಬೆಲೆ ಬೇಡ ಎಂದಂತಾಗಲಿಲ್ಲವೇ? ಇದು ಉಳ್ಳವರ ಅರ್ಥಶಾಸ್ತ್ರವಲ್ಲವೇ? 2025ರ ಮುಂಗಾರು ಹಂಗಾಮನ್ನು ನೋಡೋಣ. ಮೆಕ್ಕೆಜೋಳಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಬೆಳೆ ಭರಪೂರ ಬಂತು, ಪೇಟೆಯ ದರ ಅದಕ್ಕಿಂತ ನೂರಾರು ರೂಪಾಯಿ ಕೆಳಗೆ ಕುಸಿಯಿತು, ರಾಜ್ಯದಲ್ಲೆಡೆ ರೈತರು ರಸ್ತೆಗಿಳಿದರು. ಘೋಷಿಸಿದ ಬೆಲೆಗೆ ಕೊಳ್ಳುವವರೇ ಇಲ್ಲದಿದ್ದರೆ ಆ ಅಂಕಿ ಬಿತ್ತನೆಯ ಹೊತ್ತಿಗೆ ರೈತನಿಗೆ ತಪ್ಪು ಸುದ್ದಿ ಕೊಟ್ಟಂತೆ. ‘ಹೆಚ್ಚು ಬಿತ್ತು’ ಎಂದು ಹೇಳಿ ಕೊಯ್ಲಿನ ಹೊತ್ತಿಗೆ ಕಾಣೆಯಾಗುವ ಬೆಲೆ, ಬೆಲೆಯನ್ನೇ ಘೋಷಿಸದಿರುವುದಕ್ಕಿಂತ ಕೆಟ್ಟದ್ದು. ಇಷ್ಟನ್ನು ಹಾಯೆಕ್‌ನ ಹತ್ತಾರು ಪುಟ ಸ್ಪಷ್ಟವಾಗಿ ಕಾಣಿಸುತ್ತವೆ. ಬೆಂಬಲ ಬೆಲೆ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ಖರೀದಿ ಕೇಂದ್ರವಿಲ್ಲದ ಬೆಂಬಲ ಬೆಲೆ ಮೋಸ ಎನ್ನುವಲ್ಲಿ ಹಾಯೆಕ್ ಓದಿದವನೂ ಹಸಿರು ಶಾಲಿನವನೂ ಒಂದೇ ಕಡೆ ನಿಲ್ಲಬಹುದು. ಹಾಗೆ ನೋಡಿದರೆ ಈ ವಾದ ಈ ಮಣ್ಣಿಗೆ ಹೊಸತೂ ಅಲ್ಲ. ಮಹಾರಾಷ್ಟ್ರದ ಶರದ್ ಜೋಶಿ ರೈತನಿಗೆ ಮುಕ್ತ ಮಾರುಕಟ್ಟೆ ಕೊಡಿ ಎನ್ನುತ್ತಿದ್ದ ವರ್ಷಗಳಲ್ಲೇ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಗ್ಯಾಟ್ ವ್ಯಾಪಾರ ಮಾತುಕತೆಯ ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದಿತ್ತು. 1993ರಲ್ಲಿ ಬಳ್ಳಾರಿಯಲ್ಲಿ ಕಾರ್ಗಿಲ್ ಕಂಪನಿ ಕಟ್ಟುತ್ತಿದ್ದ ಬೀಜದ ಘಟಕವನ್ನು ಕೆಡವಿತ್ತು. ಇಬ್ಬರೂ ರೈತನ ಪರವೇ. ಅವರ ಜಗಳ ಏನೆಂದು ತಿಳಿಯಲಿಕ್ಕಾದರೂ ಬೆಲೆಯ ಸಿದ್ಧಾಂತ ಗೊತ್ತಿರಬೇಕು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಬೆಲೆ ದುಡ್ಡಿದ್ದವರ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಅದರ ತಾಲ್ಲೂಕುಗಳು. ಮದ್ರಾಸ್ ಸರ್ಕಾರ ಸದ್ದಿಲ್ಲದೆ ಮೂವತ್ತು ಸಾವಿರ ಟನ್ ಧಾನ್ಯ ಕೊಂಡಾಗ ವೈಸ್‌ರಾಯ್ ಲಿಟ್ಟನ್‌ನ ಸರ್ಕಾರ ಆಕ್ಷೇಪಿಸಿತು: ಖಾಸಗಿ ಧಾನ್ಯ ವ್ಯಾಪಾರಕ್ಕೆ ಕೈಹಾಕಬಾರದು, ಬೆಲೆ ಏರಿದರೆ ಧಾನ್ಯ ತಾನಾಗಿ ಬರುತ್ತದೆ ಎಂದು. ಬೆಲೆ ಏರಿತು. ಆದರೆ ದನ ಸತ್ತು, ಕೂಲಿ ನಿಂತು, ಕೈಯಲ್ಲಿ ಕಾಸಿಲ್ಲದವನಿಗೆ ಆ ಧಾನ್ಯ ಬಂದೂ ಬರದಂತೆಯೇ. ಪರಿಹಾರ ಕೆಲಸಕ್ಕೆ ಲಿಟ್ಟನ್ ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ನಿಗದಿಪಡಿಸಿದ ದಿನಗೂಲಿ ಒಂದು ಪೌಂಡ್ ಕಾಳಿನ ಜೊತೆಗೆ ಚಿಲ್ಲರೆ ಕಾಸು. ದುಡಿಯುವ ಮೈಗೆ ಅದು ಸಾಲುವ ಮಾತೇ ಇರಲಿಲ್ಲ. ಕ್ಷಾಮಕ್ಕೆ ಆಹಾರದ ಕೊರತೆಗಿಂತ ಕೊಳ್ಳುವ ಶಕ್ತಿಯ ಕೊರತೆ ಕಾರಣವಾಗಬಹುದು ಎಂದು ಅಮರ್ತ್ಯ ಸೇನ್ 1981ರಲ್ಲಿ ಬರೆದದ್ದು ಬಂಗಾಳವನ್ನು ಮುಂದಿಟ್ಟುಕೊಂಡು, ಬಳ್ಳಾರಿಗೂ ಅದು ಅಷ್ಟೇ ಸಲ್ಲುತ್ತದೆ. ಲಿಟ್ಟನ್ ಆಸ್ಟ್ರಿಯನ್ ಪಂಥದವನಲ್ಲ, ನಿಜ. ಆದರೆ ಆ ಪಂಥದ ಕೆಲವು ಜನಪ್ರಿಯ ಪುಸ್ತಕಗಳನ್ನು ಓದಿ ಎದ್ದವನು ಲಿಟ್ಟನ್‌ನ ಹಾಗೆಯೇ ಮಾತನಾಡುವ ಅಪಾಯವಿದೆ.

ಪುಸ್ತಕದ ಆಯ್ಕೆ ಮುಖ್ಯವಾಗುವುದು ಇಲ್ಲೇ. ಈ ಪಂಥದವರೆಲ್ಲ ಒಂದೇ ಮಾತು ಆಡಿದವರಲ್ಲ. ಅಮೆರಿಕದ ಮರ್ರಿ ರಾತ್‌ಬಾರ್ಡ್‌ಗೆ ತೆರಿಗೆಯೇ ದರೋಡೆ, ಸರ್ಕಾರವೇ ಬೇಡದ್ದು. ಹಾಯೆಕ್ 1944ರ ‘ದಿ ರೋಡ್ ಟು ಸರ್ಫ್‌ಡಮ್’ನಲ್ಲಿ ಯೋಜಿತ ಆರ್ಥಿಕತೆಯ ಮೇಲೆ ಹರಿಹಾಯ್ದರೂ, ಆರೋಗ್ಯ, ದುಡಿಮೆಗೆ ಬೇಕಾದಷ್ಟು ಅನ್ನ, ಬಟ್ಟೆ, ಸೂರನ್ನು ಎಲ್ಲರಿಗೂ ಖಾತರಿಪಡಿಸುವುದಕ್ಕೆ ಅಡ್ಡಿಯಿಲ್ಲ ಎಂದು ಅದೇ ಪುಸ್ತಕದಲ್ಲಿ ಹೇಳಿದ. ರಾತ್‌ಬಾರ್ಡ್‌ನ ‘ವಾಟ್ ಹ್ಯಾಸ್ ಗವರ್ನಮೆಂಟ್ ಡನ್ ಟು ಅವರ್ ಮನಿ?’ ತೆಳ್ಳಗಿದೆ, ಉಚಿತವಾಗಿ ಸಿಗುತ್ತದೆ, ಓದಿಸಿಕೊಂಡು ಹೋಗುತ್ತದೆ. ಹಾಗೆಂದೇ ಅದು ಬೇಗ ಕೈಗೆ ಬರುತ್ತದೆ, ಆದರೆ ಪಡಿತರ ಅಂಗಡಿಯೂ ಉದ್ಯೋಗ ಖಾತರಿಯೂ ಬರಗಾಲದಲ್ಲಿ ಏನು ಮಾಡುತ್ತವೆಂದು ಕಂಡಿರದವನು ಬರೆದ ಪುಸ್ತಕ ಅದು ಎಂಬುದು ಕೊನೆಯವರೆಗೂ ಹೊಳೆಯುವುದಿಲ್ಲ. ಮೆಂಗರ್ ಮಾತ್ರ ಯಾರ ಪರವಾಗಿಯೂ ಘೋಷಣೆ ಕೂಗುವುದಿಲ್ಲ. ಬೆಲೆ ಹೀಗೆ ಹುಟ್ಟುತ್ತದೆ ಎಂದು ತೋರಿಸಿ ಸುಮ್ಮನಾಗುತ್ತಾನೆ. ಆ ಬೆಲೆಯನ್ನು ಕಟ್ಟಿಕೊಂಡು ಏನು ಮಾಡಬೇಕೆಂಬುದು ನಮಗೆ ಬಿಟ್ಟದ್ದು.

ಪೇಟೆಯಲ್ಲಿ ಸ್ಪರ್ಧೆಯೇ ಇಲ್ಲ, ಬಿತ್ತನೆಗೆ ಸಾಲ ಕೊಟ್ಟ ದಲ್ಲಾಳಿಗೇ ಸರಕು ಹಾಕಬೇಕು, ಕೊಳ್ಳುವವರು ಬೆರಳೆಣಿಕೆಯಷ್ಟು, ಇದೆಲ್ಲ ಪುಸ್ತಕದಲ್ಲಿ ಎಲ್ಲಿದೆ ಎಂದೂ ಕೇಳಬಹುದು. ಇದೆ. ಮೆಂಗರ್‌ನ ಬೆಲೆಯ ಅಧ್ಯಾಯ ಶುರುವಾಗುವುದೇ ಇಬ್ಬರ ನಡುವಿನ ಒಂಟಿ ವ್ಯವಹಾರದಿಂದ, ಆಮೇಲೆ ಒಬ್ಬನೇ ಮಾರುವ ಏಕಸ್ವಾಮ್ಯಕ್ಕೆ ಬಂದು, ಸ್ಪರ್ಧೆಯನ್ನು ಕೊನೆಗೆ ತರುತ್ತದೆ. ಈಗಿನ ಪಠ್ಯಗಳು ಪರಿಪೂರ್ಣ ಪೈಪೋಟಿಯಿಂದ ಆರಂಭಿಸಿ ಉಳಿದದ್ದನ್ನು ಅಪವಾದವೆಂಬಂತೆ ಹೇಳುತ್ತವೆ. ನಮ್ಮ ಪೇಟೆಗಳ ಮಟ್ಟಿಗೆ ಮೆಂಗರ್‌ನ ಕ್ರಮವೇ ನಿಜಕ್ಕೆ ಹತ್ತಿರ. ಒಪ್ಪಬೇಕಾದ ಕೊರತೆ ಬೇರೆಯೇ ಇದೆ. ಈ ಪಂಥ, ಮುಖ್ಯವಾಗಿ ಲುಡ್ವಿಗ್ ಫಾನ್ ಮೀಸೆಸ್, ಅರ್ಥಶಾಸ್ತ್ರದ ಸತ್ಯಗಳನ್ನು ತರ್ಕದಿಂದಲೇ ಪಡೆಯಬೇಕು, ಅಂಕಿಅಂಶಗಳಿಂದ ಅವನ್ನು ಪರೀಕ್ಷಿಸಲಾಗದು ಎನ್ನುತ್ತದೆ. ಮೇಲೆ ಶೇ 14ರ ಲೆಕ್ಕವನ್ನು ಬಳಸಿದ ನಾನು ಇದನ್ನು ಒಪ್ಪಲಾರೆ, ಓದುಗರೂ ಒಪ್ಪಬೇಕಿಲ್ಲ. ಮೀಸೆಸ್‌ನ 1949ರ ‘ಹ್ಯೂಮನ್ ಆ್ಯಕ್ಷನ್’ ಎಂಬ ಬೃಹದ್ಗ್ರಂಥವನ್ನು ಹೊಸಬರಿಗೆ ಸೂಚಿಸಬಾರದು ಎನ್ನಲು ಅದರ ಗಾತ್ರಕ್ಕಿಂತ ಇದು ದೊಡ್ಡ ಕಾರಣ. ಅವನನ್ನು ಓದಲೇಬೇಕೆನ್ನುವವರಿಗೆ ಬ್ಯೂನಸ್ ಐರಿಸ್‌ನಲ್ಲಿ ಅವನು ಮಾಡಿದ ಆರು ಉಪನ್ಯಾಸಗಳ ‘ಎಕನಾಮಿಕ್ ಪಾಲಿಸಿ’ ಸಾಕು.

ಈ ಓದಿಗೆ ಕನ್ನಡ ಕರಾವಳಿಯ ಒಂದು ಕೊಂಡಿಯೂ ಇದೆ. ಬಿ.ಆರ್. ಶೆಣೈ ಹುಟ್ಟಿದ್ದು 1905ರಲ್ಲಿ, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತ್‌ನಲ್ಲಿ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುವಾಗ ಹಾಯೆಕ್‌ನ ವಿಚಾರಗಳಿಗೆ ಒಲಿದವರು. 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು ಕರೆದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಇವರೊಬ್ಬರೇ. ಉಳಿತಾಯವಿಲ್ಲದೆ ನೋಟು ಮುದ್ರಿಸಿ ಯೋಜನೆ ನಡೆಸಿದರೆ ಬೆಲೆ ಏರುತ್ತದೆ, ಆ ಏರಿಕೆ ಬಡವರ ಮೇಲೆ ಬೀಳುತ್ತದೆ ಎಂಬುದು ಅವರ ತಕರಾರು. ಎರಡು ವರ್ಷದೊಳಗೆ ದೇಶ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಲುಕಿತು. ಅವರ ಎಲ್ಲ ತೀರ್ಮಾನಗಳೂ ಸರಿಯೆಂದು ನಾನು ಹೇಳಲಾರೆ. ಆದರೆ ನಮ್ಮ ದೇಶದ ಲೆಕ್ಕಪತ್ರವನ್ನು ಎದುರಿಗಿಟ್ಟುಕೊಂಡು ಈ ಪಂಥದ ತರ್ಕ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಆ ಪುಟ್ಟ ಟಿಪ್ಪಣಿಗಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಮೆಂಗರ್‌ನ ನಂತರ ಅದನ್ನು ಓದಬೇಕು.

ಈ ಓದಿನಿಂದ ಮುಂದಿನ ವರ್ಷದ ಉಳ್ಳಾಗಡ್ಡಿ ದರ ತಿಳಿಯುತ್ತದೆಯೇ ಎಂದರೆ, ಇಲ್ಲ. ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬಿಲ್ಲೇರಿ ನಿಂತ ಗೊರವಯ್ಯ ನುಡಿಯುವ ಕಾರಣಿಕದಲ್ಲಿ ಮಳೆ, ಬೆಳೆ, ಬೆಲೆಯ ಸೂಚನೆ ಹುಡುಕುವವರಿದ್ದಾರೆ; ಟಿ.ವಿ. ಪರದೆಯ ಮೇಲೆ ಚಿನ್ನದ ಬೆಲೆ ನುಡಿಯುವವರಲ್ಲಿ ಹುಡುಕುವವರೂ ಇದ್ದಾರೆ. 1974ರಲ್ಲಿ ನೊಬೆಲ್ ಸ್ವೀಕರಿಸುವಾಗ ಹಾಯೆಕ್ ಮಾಡಿದ ಉಪನ್ಯಾಸದ ವಿಷಯವೇ ಅರ್ಥಶಾಸ್ತ್ರಜ್ಞರು ಇಲ್ಲದ ಜ್ಞಾನ ಇದೆಯೆಂದು ನಟಿಸುವುದು. ಹಾಗಾಗಿ ‘ಆಸ್ಟ್ರಿಯನ್’ ಹೆಸರಿನಲ್ಲಿ ಯಾವುದೇ ಪುಸ್ತಕವೋ ಚಾನೆಲ್ಲೋ ನಾಳಿನ ದರ ಹೇಳುತ್ತೇನೆಂದರೆ ಅದನ್ನು ಅಲ್ಲೇ ಮುಚ್ಚಬಹುದು. ಮೆಂಗರ್‌ನ ಇಂಗ್ಲಿಷ್ ಅನುವಾದ, ಹಾಯೆಕ್‌ನ ಪ್ರಬಂಧ ಎರಡೂ ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಈ ಐದು ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಕಲಿಸುವವರು ಮೂರನೆಯ, ಐದನೆಯ ಮತ್ತು ಏಳನೆಯ ಅಧ್ಯಾಯಗಳನ್ನು ಕನ್ನಡದಲ್ಲಿ ವಿವರಿಸಿ, ವಿದ್ಯಾರ್ಥಿಗಳು ಮನೆಯಿಂದ ತಂದ ದಲ್ಲಾಳಿ ಪಟ್ಟಿಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಪಾಠ ಮಾಡಿದರೆ ಒಂದು ಸೆಮಿಸ್ಟರ್ ಸಾಕು. ಹ್ಯಾಜ್ಲಿಟ್‌ನನ್ನು ಅದರ ಮುಂದಿನ ರಜೆಗೆ ಇಟ್ಟುಕೊಳ್ಳಲಿ, ಜೊತೆಗೆ ಸೇನ್‌ರನ್ನೂ.